ಸಿಯೆಮ್ ರೀಪ್‌ನಿಂದ ಸೈಗಾನ್‌ವರೆಗೆ ಸೈಕಲ್ಲಿನಲ್ಲಿ: ಮೊದಲ ಬಾರಿ ಹೊರಡುವವರಿಗೆ

‘ಆಗ್ನೇಯ ಏಷ್ಯಾದಲ್ಲಿ ಸೈಕಲ್ ಹೊಡೆಯಬೇಕು, ಎಲ್ಲಿಂದ ಶುರು ಮಾಡಲಿ?’ ಎಂದು ಕೇಳುವ ಓದುಗರು ಬಹಳ. ಅವರ ಮುಂದಿನ ಪ್ರಶ್ನೆಗಳೂ ಹೆಚ್ಚುಕಡಿಮೆ ಒಂದೇ: ಸೈಕಲ್ಲನ್ನು ಇಲ್ಲಿಂದ ಒಯ್ಯಬೇಕೆ, ಗಡಿಯಲ್ಲಿ ತೊಂದರೆ ಆಗುತ್ತದೆಯೆ, ಸಸ್ಯಾಹಾರಿಗಳು ಏನು ತಿನ್ನಬೇಕು, ದಿನಕ್ಕೆ ಎಷ್ಟು ಕಿಲೋಮೀಟರ್ ಸಾಧ್ಯ. ಎಲ್ಲ ದೇಶಗಳನ್ನೂ ಒಂದೇ ಲೇಖನದಲ್ಲಿ ತುಂಬಿದರೆ ಯಾರಿಗೂ ಉಪಯೋಗವಿಲ್ಲ. ಮೊದಲ ಸಲಕ್ಕೆ ಹೊಂದುವ ಒಂದೇ ದಾರಿಯನ್ನು ಇಲ್ಲಿ ಹಿಡಿದಿದ್ದೇವೆ: ಕಾಂಬೋಡಿಯಾದ ಸಿಯೆಮ್ ರೀಪ್‌ನಿಂದ ಹೊರಟು, ರಾಜಧಾನಿ ಫ್ನೊಮ್ ಪೆನ್ ಮೂಲಕ ಮೆಕಾಂಗ್ ನದಿಯ ಮುಖಜಭೂಮಿಗೆ ಇಳಿದು, ವಿಯೆಟ್ನಾಮಿನ ಹೊ ಚಿ ಮಿನ್ ನಗರ, ಅಂದರೆ ಹಳೆಯ ಸೈಗಾನ್ ತಲುಪುವುದು. ಒಟ್ಟು ಸುಮಾರು 750 ಕಿ.ಮೀ. ಸೈಕಲ್ ಹೊಡೆಯುವ ದಿನ 11-12, ವಿರಾಮ ಸೇರಿಸಿ 16 ದಿನ ಇಟ್ಟುಕೊಳ್ಳಿ.

ದಾರಿಯುದ್ದಕ್ಕೂ ಏರು ಎಂಬುದೇ ಇಲ್ಲ. ಸಿಗುವ ಅತಿ ದೊಡ್ಡ ಏರು ಯಾವುದಾದರೂ ಸೇತುವೆಯದ್ದು. ಹಾಗೆಂದು ಸುಲಭ ಅಂದುಕೊಳ್ಳಬೇಡಿ. ಇಲ್ಲಿ ಸೋಲಿಸುವುದು ಬಿಸಿಲು, ಧೂಳು ಮತ್ತು ಹೆದ್ದಾರಿಯ ಲಾರಿಗಳು. ಕೆಳಗಿನ ಸೂಚನೆಗಳಲ್ಲಿ ಬಹುಪಾಲು ಈ ಮೂರನ್ನು ತಪ್ಪಿಸಲಿಕ್ಕೇ ಇವೆ.

ಹಂತ 1: ಕಾಲ ಮತ್ತು ದಿಕ್ಕು

ನವೆಂಬರ್ ಮಧ್ಯದಿಂದ ಫೆಬ್ರವರಿ ಮಧ್ಯದವರೆಗೆ ಹೋಗಿ. ಮಳೆ ನಿಂತಿರುತ್ತದೆ, ಮಧ್ಯಾಹ್ನದ ಉಷ್ಣಾಂಶ 30-32 ಡಿಗ್ರಿಯ ಸುತ್ತ ಇರುತ್ತದೆ. ಮಾರ್ಚ್ ಬಂದರೆ 35 ದಾಟುತ್ತದೆ, ಏಪ್ರಿಲ್‌ನಲ್ಲಂತೂ ಬೆಳಿಗ್ಗೆ 9 ಗಂಟೆಗೇ ರಸ್ತೆ ಕಾದಿರುತ್ತದೆ.

ಸೈಗಾನ್‌ನಿಂದ ಹೊರಟು ಸಿಯೆಮ್ ರೀಪ್ ಬಳಿಯ ಪುರಾತನ ದೇಗುಲ ಆಂಗ್ಕೋರ್ ವಾಟ್‌ನಲ್ಲಿ ಮುಗಿಸುವ ಯೋಜನೆ ಹಲವರದ್ದು. ಮುಕ್ತಾಯ ಭವ್ಯವಾಗಿರುತ್ತದೆ ನಿಜ. ಆದರೂ ಸಿಯೆಮ್ ರೀಪ್‌ನಿಂದ ಹೊರಡುವುದೇ ಜಾಣತನ. ಅದಕ್ಕೆ ಎರಡು ಕಾರಣ. ಈ ತಿಂಗಳುಗಳಲ್ಲಿ ಗಾಳಿ ಉತ್ತರ ಮತ್ತು ಈಶಾನ್ಯದಿಂದ ಬೀಸುತ್ತದೆ. ಆಗ್ನೇಯಕ್ಕೆ ಹೋಗುವವರಿಗೆ ಅದು ಪಕ್ಕಕ್ಕೋ ಬೆನ್ನಿಗೋ ಬೀಳುತ್ತದೆ, ಎದುರಾಗುವುದು ಕಡಿಮೆ. ಬಯಲುಸೀಮೆಯಂಥ ಈ ನೆಲದಲ್ಲಿ ಎದುರುಗಾಳಿಗೆ ತಡೆಯೇ ಇಲ್ಲ, ಗಂಟೆಗೆ 18 ಕಿ.ಮೀ. ವೇಗ 12ಕ್ಕೆ ಇಳಿಯುತ್ತದೆ. ಎರಡನೆಯ ಕಾರಣ ವೀಸಾ. ಕಾಂಬೋಡಿಯಾದ ಇ-ವೀಸಾ ವಿಮಾನ ನಿಲ್ದಾಣಗಳಲ್ಲಿ ನಡೆಯುತ್ತದೆ, ಆದರೆ ಭೂಗಡಿಯ ಎಲ್ಲ ಠಾಣೆಗಳಲ್ಲೂ ನಡೆಯುವುದಿಲ್ಲ. ವಿಯೆಟ್ನಾಮಿನ ಇ-ವೀಸಾ ಮಾತ್ರ ನಮ್ಮ ದಾರಿಯ ತಿನ್ ಬಿಯೆನ್ ಗಡಿಯಲ್ಲಿ ನಡೆಯುತ್ತದೆ. ಹೀಗಾಗಿ ಕಾಂಬೋಡಿಯಾಕ್ಕೆ ವಿಮಾನದಲ್ಲಿ ಇಳಿದು, ವಿಯೆಟ್ನಾಮಿಗೆ ಸೈಕಲ್ಲಿನಲ್ಲಿ ಹೊಕ್ಕರೆ ಎರಡೂ ಕಡೆ ಕಾಗದಪತ್ರ ಮೊದಲೇ ಕೈಯಲ್ಲಿರುತ್ತದೆ.

ಬ್ಯಾಂಕಾಕ್‌ನಿಂದಲೇ ಸೈಕಲ್ಲಿನಲ್ಲಿ ಹೊರಡಬೇಕೆಂದು ಕೇಳುವವರಿಗೆ ಒಂದು ಮಾತು. 2025ರ ಗಡಿ ಘರ್ಷಣೆಯ ಹೊತ್ತಿಗೆ ಥಾಯ್ಲೆಂಡ್-ಕಾಂಬೋಡಿಯಾ ನಡುವಿನ ಭೂಮಾರ್ಗದ ಠಾಣೆಗಳನ್ನು ಮುಚ್ಚಲಾಯಿತು. ನೀವು ಹೊರಡುವ ವಾರದಲ್ಲಿ ತೆರೆದಿವೆ ಎಂದು ಖಚಿತವಾಗದೆ ಆ ದಾರಿಯ ಮೇಲೆ ಟಿಕೆಟ್ ಮಾಡಿಸಬೇಡಿ.

ವಿಯೆಟ್ನಾಮಿನ ಹೊಸ ವರ್ಷ ತೆಟ್ ಜನವರಿ ಕೊನೆಯಿಂದ ಫೆಬ್ರವರಿ ಮೂರನೆಯ ವಾರದೊಳಗೆ ಬರುತ್ತದೆ. ಆ ವಾರ ಕಚೇರಿ, ಅಂಗಡಿ, ಹೋಟೆಲ್ ಎಲ್ಲ ಮುಚ್ಚಿ ಊರಿಗೆ ಊರೇ ಮೋಟಾರ್ ಬೈಕ್ ಹತ್ತಿ ರಸ್ತೆಯಲ್ಲಿರುತ್ತದೆ. ಅದಕ್ಕೆ ಮೊದಲೇ ಮುಗಿಸಿ. ಹಬ್ಬಕ್ಕೆ ಎರಡು ವಾರ ಮುಂಚೆ ನಮ್ಮ ದಾರಿಯಲ್ಲೇ ಬರುವ ಸಾ ಡೆಕ್‌ನ ಹೂತೋಟಗಳು ತುಂಬಿರುವುದು ಆಗ ಸಿಗುವ ಲಾಭ.

ಹಂತ 2: ವೀಸಾ, ಅದರಲ್ಲೂ ಹೆಸರು

ವಿಯೆಟ್ನಾಮ್ ಇ-ವೀಸಾ 90 ದಿನಗಳವರೆಗೆ ಸಿಗುತ್ತದೆ. ಒಂದು ಪ್ರವೇಶಕ್ಕೆ 25 ಡಾಲರ್, ಹಲವು ಪ್ರವೇಶಕ್ಕೆ 50 ಡಾಲರ್. ಅರ್ಜಿಯಲ್ಲಿ ಪ್ರವೇಶ ದ್ವಾರ ಕೇಳುತ್ತದೆ. ಅಲ್ಲಿ ತಿನ್ ಬಿಯೆನ್ ಭೂಗಡಿಯನ್ನೇ ಆರಿಸಿ, ನಿರ್ಗಮನಕ್ಕೆ ಹೊ ಚಿ ಮಿನ್ ನಗರದ ತಾನ್ ಸನ್ ನ್ಯತ್ ವಿಮಾನ ನಿಲ್ದಾಣ. ಅಭ್ಯಾಸಬಲದಿಂದ ವಿಮಾನ ನಿಲ್ದಾಣವನ್ನೇ ಪ್ರವೇಶಕ್ಕೂ ಒತ್ತಿಬಿಟ್ಟರೆ ಗಡಿಯಲ್ಲಿ ವಾಪಸ್ ಕಳಿಸಬಹುದು. ಮೂರು ಕೆಲಸದ ದಿನಗಳಲ್ಲಿ ಬರುತ್ತದೆ ಎನ್ನುತ್ತಾರೆ, ನೀವು ಎರಡು ವಾರ ಕೈಯಲ್ಲಿಟ್ಟುಕೊಳ್ಳಿ.

ಕನ್ನಡಿಗರಿಗೆ ಎಡವಟ್ಟಾಗುವುದು ಹೆಸರಿನಲ್ಲಿ. ನಮ್ಮಲ್ಲಿ ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಊರು, ತಂದೆಯ ಹೆಸರುಗಳು ಇನಿಷಿಯಲ್ ಆಗಿಯೋ ಬಿಡಿಸಿ ಬರೆದೋ ಕೂತಿರುತ್ತವೆ. ಆಧಾರ್‌ನಲ್ಲಿ ಏನಿದೆ, ಬ್ಯಾಂಕಿನಲ್ಲಿ ಏನಿದೆ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಪಾಸ್‌ಪೋರ್ಟಿನ ಫೋಟೋ ಪುಟದ ಅಡಿಯಲ್ಲಿ ಬಾಣದ ಗುರುತುಗಳಿರುವ ಎರಡು ಸಾಲು ಇರುತ್ತದಲ್ಲ, ಗಡಿಯ ಯಂತ್ರ ಓದುವುದು ಅದನ್ನು. ಅದರಲ್ಲಿರುವ ಕ್ರಮದಲ್ಲೇ, ಅಕ್ಷರ ಬಿಡದೆ ಹೆಸರು ತುಂಬಿ. ವೀಸಾ ಕೈಗೆ ಬಂದ ದಿನವೇ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಹುಟ್ಟಿದ ದಿನಾಂಕ, ಪ್ರವೇಶ ದ್ವಾರ, ಈ ನಾಲ್ಕನ್ನು ಇನ್ನೊಬ್ಬರ ಕೈಲಿ ಓದಿಸಿ. ತಪ್ಪಿದ್ದರೆ ಗಡಿಯಲ್ಲಿ ತಿದ್ದಲು ಬರುವುದಿಲ್ಲ. ಹೊಸ ಅರ್ಜಿ, ಹೊಸ ಶುಲ್ಕ.

ಕಾಂಬೋಡಿಯಾದ ಪ್ರವಾಸಿ ವೀಸಾ 30 ದಿನದ್ದು, ಒಂದು ಪ್ರವೇಶ, ಶುಲ್ಕ 30 ಡಾಲರ್ ಆಸುಪಾಸು. ಎರಡಕ್ಕೂ ಸರ್ಕಾರಿ ಜಾಲತಾಣವನ್ನೇ ಬಳಸಿ. ಕಾಂಬೋಡಿಯಾದ್ದು ‘ಗವ್ ಡಾಟ್ ಕೆಎಚ್’ ಎಂದೂ, ವಿಯೆಟ್ನಾಮಿನದ್ದು ‘ಗವ್ ಡಾಟ್ ವಿಎನ್’ ಎಂದೂ ಕೊನೆಯಾಗುತ್ತದೆ. ಹುಡುಕಿದಾಗ ಮೊದಲು ಬರುವ ಜಾಹೀರಾತು ತಾಣಗಳು ದುಪ್ಪಟ್ಟು ಕೀಳುತ್ತವೆ. ಎರಡೂ ವೀಸಾಗಳನ್ನು ಎರಡೆರಡು ಪ್ರತಿ ಕಾಗದದಲ್ಲಿ ಮುದ್ರಿಸಿ. ಗಡಿಯಲ್ಲಿ ಮೊಬೈಲ್ ತೋರಿಸಿ ಕೆಲಸ ಮುಗಿಸಬಹುದೆಂದು ನೆಚ್ಚಬೇಡಿ.

ಸೈಕಲ್ ದುಬಾರಿಯದ್ದಾದರೆ ಹೊರಡುವಾಗ ಬೆಂಗಳೂರಿನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಕೇಳಿ. ‘ಈ ವಸ್ತು ಇಲ್ಲಿಂದಲೇ ಹೋದದ್ದು’ ಎಂಬ ಚೀಟಿ ಅದು. ಫ್ರೇಮಿನ ಸಂಖ್ಯೆ, ಖರೀದಿ ಬಿಲ್ಲು ಜೊತೆಗಿರಲಿ. ಚೀಟಿ ಇಲ್ಲದಿದ್ದರೆ ವಾಪಸಾಗುವಾಗ ಹೊಸದಾಗಿ ಕೊಂಡದ್ದಲ್ಲ ಎಂದು ವಾದಿಸುತ್ತ ನಿಲ್ಲಬೇಕಾದೀತು. ವಿಮೆ ಮಾಡಿಸುವಾಗ ಸೈಕಲ್ ಪ್ರವಾಸಕ್ಕೂ ಅನ್ವಯಿಸುತ್ತದೆಯೇ ಎಂದು ಷರತ್ತಿನಲ್ಲಿ ಓದಿಕೊಳ್ಳಿ.

ಹಂತ 3: ಯಾವ ಸೈಕಲ್, ಯಾವ ಟೈರ್

ಸಿಯೆಮ್ ರೀಪ್‌ನಲ್ಲಿ ಬಾಡಿಗೆ ಸೈಕಲ್ ಬೇಕಾದಷ್ಟಿವೆ. ಆದರೆ ಗಡಿ ದಾಟಿಸಿ ಇನ್ನೊಂದು ದೇಶದಲ್ಲಿ ಬಿಟ್ಟು ಹೋಗಲು ಒಪ್ಪುವವರು ವಿರಳ. ಆದ್ದರಿಂದ ನಿಮ್ಮದೇ ಒಯ್ಯಿರಿ. ದುಬಾರಿ ಸೈಕಲ್ ಬೇಕಿಲ್ಲ. ಹೈಬ್ರಿಡ್, ಮುಂದೆ ಸಸ್ಪೆನ್ಷನ್ ಇಲ್ಲದ ಎಂಟಿಬಿ (ಮೌಂಟನ್ ಬೈಕ್), ಹಳೆಯ ಟೂರಿಂಗ್ ಸೈಕಲ್, ಯಾವುದೂ ಸಾಕು. ಷರತ್ತು ಎರಡೇ: ಹಿಂದೆ ಕ್ಯಾರಿಯರ್ ಬಿಗಿಯಲು ಫ್ರೇಮಿನಲ್ಲಿ ತೂತುಗಳಿರಬೇಕು, 35 ಮಿ.ಮೀ.ಗಿಂತ ದಪ್ಪದ ಟೈರ್ ಹಿಡಿಸಬೇಕು. 25-28 ಮಿ.ಮೀ. ಟೈರಿನ ರೋಡ್ ಬೈಕ್‌ಗಳು ಹೆದ್ದಾರಿಯಲ್ಲಿ ಓಡುತ್ತವೆ, ಕೆಂಪು ಮಣ್ಣಿನ ರಸ್ತೆಗಿಳಿದರೆ ಹೂತುಹೋಗುತ್ತವೆ. ಹೆದ್ದಾರಿ ಬಿಡುವುದೇ ಈ ಪ್ರವಾಸದ ಸುಖವಾದ್ದರಿಂದ ದಪ್ಪ ಟೈರ್ ಹಾಕಿ. 38 ಮಿ.ಮೀ. ಟೈರಿಗೆ, 70 ಕೆ.ಜಿ. ಸವಾರ ಮತ್ತು ನೀರು ಸೇರಿ 14 ಕೆ.ಜಿ. ಸಾಮಾನಿದ್ದರೆ, ಗಾಳಿಯ ಒತ್ತಡ ಹಿಂದೆ 60 ಪಿಎಸ್‌ಐ, ಮುಂದೆ 50 ಸರಿಹೋಗುತ್ತದೆ. ಮಣ್ಣಿನ ದಾರಿಗೆ ಎರಡರಲ್ಲೂ 10 ಇಳಿಸಿ.

26 ಇಂಚಿನ ಟ್ಯೂಬು ಪ್ರತಿ ಸಂತೆಯಲ್ಲೂ ಸಿಗುತ್ತದೆ. 700ಸಿ ಎಂಬ ದೊಡ್ಡ ಅಳತೆಯ ಟ್ಯೂಬು, ಅದರಲ್ಲೂ ತೆಳುಕಡ್ಡಿಯಂಥ ಪ್ರೆಸ್ಟಾ ವಾಲ್ವಿನದ್ದು, ಫ್ನೊಮ್ ಪೆನ್, ಸೈಗಾನ್‌ನಂಥ ದೊಡ್ಡ ಊರು ಬಿಟ್ಟರೆ ಕಷ್ಟ. ಮೂರು ಟ್ಯೂಬು ಇಟ್ಟುಕೊಳ್ಳಿ. ಹೈಡ್ರಾಲಿಕ್ ಬ್ರೇಕಿನ ರಿಪೇರಿಯೂ ದೊಡ್ಡ ಊರಿನಲ್ಲೇ. ತಂತಿಯ ಬ್ರೇಕಾದರೆ ಯಾವ ಮೋಟಾರ್ ಬೈಕ್ ಮೆಕ್ಯಾನಿಕ್ಕಾದರೂ ಸರಿಮಾಡಿಯಾನು.

ಈಗ ಪಂಕ್ಚರ್ ವಿಷಯ. ಹೆದ್ದಾರಿಯ ಅಂಚಿನಲ್ಲಿ ಲಾರಿ ಟೈರುಗಳ ಚೂರು ಬಿದ್ದಿರುತ್ತವೆ. ಅವುಗಳೊಳಗಿನ ಉಕ್ಕಿನ ತಂತಿ ಬಿಡಿಬಿಡಿಯಾಗಿ, ಕೂದಲಿಗಿಂತ ಸ್ವಲ್ಪ ದಪ್ಪ, ಅರ್ಧ ಸೆಂ.ಮೀ. ಉದ್ದದ ತುಣುಕಾಗಿ ರಸ್ತೆ ಮೇಲೆ ಹರಡಿರುತ್ತದೆ. ಟೈರಿನೊಳಗೆ ಹೊಕ್ಕರೆ ಕಣ್ಣಿಗೆ ಕಾಣುವುದಿಲ್ಲ, ಗಾಳಿ ಒಮ್ಮೆಲೇ ಹೋಗುವುದೂ ಇಲ್ಲ. ಊಟಕ್ಕೆ ನಿಲ್ಲಿಸಿ ಬರುವಷ್ಟರಲ್ಲಿ ಚಕ್ರ ಕುಳಿತಿರುತ್ತದೆ. ಟ್ಯೂಬು ಮಾತ್ರ ಬದಲಿಸಿ ಹೊರಟರೆ ಒಂದೆರಡು ಕಿ.ಮೀ.ಗೆ ಮತ್ತೆ ಅದೇ ಕತೆ. ಸರಿಯಾದ ಕ್ರಮ ಹೀಗೆ: ಟ್ಯೂಬಿಗೆ ಗಾಳಿ ತುಂಬಿ ತೂತು ಹುಡುಕಿ. ವಾಲ್ವಿನಿಂದ ಅದು ಎಷ್ಟು ದೂರವಿದೆ ಎಂದು ಟೈರಿನ ಮೇಲೆ ಇಟ್ಟು ನೋಡಿ. ಆ ಜಾಗದಲ್ಲಿ ಟೈರಿನ ಒಳಮೈಯನ್ನು ಹತ್ತಿಯಿಂದಲೋ ಕರವಸ್ತ್ರದಿಂದಲೋ ಸವರಿ. ತಂತಿ ಇದ್ದರೆ ಎಳೆ ಸಿಕ್ಕಿಕೊಳ್ಳುತ್ತದೆ. ಬೆರಳಿನಿಂದ ಸವರಿದರೆ ಚುಚ್ಚಿಕೊಳ್ಳುತ್ತೀರಿ. ಚಿಮಟದಲ್ಲಿ ಹೊರಗಿನಿಂದ ಎಳೆದು ತೆಗೆಯಿರಿ. ರಬ್ಬರ್ ಸೊಲ್ಯೂಷನ್ ಹಚ್ಚಿ ಐದು ನಿಮಿಷ, ಮೇಲ್ಮೈ ಮಂಕಾಗುವವರೆಗೆ, ಕಾಯ್ದು ಪ್ಯಾಚ್ ಒತ್ತಿ. ಒಮ್ಮೆ ತೆರೆದ ಸೊಲ್ಯೂಷನ್ ಟ್ಯೂಬು ಈ ಬಿಸಿಲಿಗೆ ವಾರದಲ್ಲಿ ಒಣಗುತ್ತದೆ, ಚಿಕ್ಕವು ಎರಡು ಇರಲಿ.

ಉಳಿದ ಸಲಕರಣೆ: ಟೈರ್ ಲಿವರ್, ಪಂಪು, ಅಲೆನ್ ಕೀಗಳು, ಚೈನ್ ಟೂಲ್ ಮತ್ತು ನಿಮ್ಮ ಚೈನಿಗೆ ಹೊಂದುವ ಎರಡು ಕ್ವಿಕ್ ಲಿಂಕ್ (ತುಂಡಾದ ಚೈನ್ ಜೋಡಿಸುವ ಕೊಂಡಿ), ಬ್ರೇಕ್ ಪ್ಯಾಡ್ ಒಂದು ಜೊತೆ, ಎರಡು ಗೇರ್ ಕೇಬಲ್, ಪ್ಲಾಸ್ಟಿಕ್ ಟೈ, ಎಂ5 ಬೋಲ್ಟ್ ನಾಲ್ಕು. ಒಂದು ಡಿರೇಲರ್ ಹ್ಯಾಂಗರ್ ತಪ್ಪದೆ ಇಟ್ಟುಕೊಳ್ಳಿ. ಗೇರ್ ಬದಲಿಸುವ ಹಿಂದಿನ ಯಂತ್ರವನ್ನು, ಅಂದರೆ ಡಿರೇಲರನ್ನು, ಫ್ರೇಮಿಗೆ ಹಿಡಿದಿಡುವ ಮೆತು ಅಲ್ಯುಮಿನಿಯಂ ತುಂಡು ಅದು. ವಿಮಾನದಲ್ಲಿ ಪೆಟ್ಟಿಗೆ ಬಿದ್ದರೆ ಮೊದಲು ಬಾಗುವುದು ಅದೇ, ಮತ್ತು ಒಂದೊಂದು ಫ್ರೇಮಿಗೂ ಒಂದೊಂದು ಆಕಾರ. ಅಲ್ಲಿ ಹುಡುಕಿದರೆ ಸಿಗುವುದಿಲ್ಲ. ಹಿಂಚಕ್ರದ ಸ್ಪೋಕ್ ಮುರಿಯುವುದು ಸಾಮಾನ್ಯವಾಗಿ ಗೇರಿನ ಬದಿಯಲ್ಲಿ, ಅದನ್ನು ಬದಲಿಸಲು ಕ್ಯಾಸೆಟ್ (ಹಿಂಚಕ್ರದ ಹಲ್ಲುಚಕ್ರಗಳ ಕಟ್ಟು) ಬಿಚ್ಚಬೇಕು. ಹಾಗಾಗಿ ಬಿಚ್ಚದೆಯೇ ಕಟ್ಟಬಹುದಾದ ನೂಲಿನ ತುರ್ತು ಸ್ಪೋಕ್ ಒಂದಿರಲಿ.

ಕನ್ನಡಿಯನ್ನು ಹ್ಯಾಂಡಲಿನ ಎಡತುದಿಗೆ ಹಾಕಿ. ಎರಡೂ ದೇಶಗಳಲ್ಲಿ ವಾಹನ ಬಲಬದಿಯಲ್ಲಿ ಓಡುತ್ತವೆ, ನಿಮ್ಮನ್ನು ಹಿಂದಿಕ್ಕುವವರು ಎಡದಿಂದ ಬರುತ್ತಾರೆ. ಮೊದಲ ದಿನಗಳಲ್ಲಿ ತಪ್ಪಾಗುವುದು ನೇರ ರಸ್ತೆಯಲ್ಲಲ್ಲ. ಚಹಾಕ್ಕೆ ನಿಂತು ಮತ್ತೆ ರಸ್ತೆ ಹತ್ತುವಾಗ ರೂಢಿಯಂತೆ ಎಡಕ್ಕೆ ಹೋಗಿಬಿಡುತ್ತೇವೆ. ಹ್ಯಾಂಡಲ್ ಮೇಲೆ ‘ಬಲ’ ಎಂದು ಬರೆದು ಅಂಟಿಸಿ, ನಗುವವರು ನಗಲಿ.

ಹಂತ 4: ಪೆಟ್ಟಿಗೆ ಕಟ್ಟುವುದು

ಸೈಕಲ್ ಅಂಗಡಿಯಲ್ಲಿ ಕೇಳಿದರೆ ಹಳೆಯ ರಟ್ಟಿನ ಪೆಟ್ಟಿಗೆ ಕೊಡುತ್ತಾರೆ. ಪೆಡಲ್ ಬಿಚ್ಚುವಾಗ ನೆನಪಿಡಿ, ಎಡ ಪೆಡಲಿನ ತಿರುಪು ಉಲ್ಟಾ. ಸುಲಭ ಸೂತ್ರ: ಸ್ಪ್ಯಾನರ್ ಮೇಲ್ಮುಖವಾಗಿರುವಂತೆ ಹಾಕಿ, ಎರಡನ್ನೂ ಹಿಂಚಕ್ರದ ಕಡೆಗೆ ತಿರುಗಿಸಿದರೆ ಸಡಿಲವಾಗುತ್ತವೆ. ಸೀಟಿನ ಎತ್ತರಕ್ಕೆ ಟೇಪಿನ ಗುರುತು ಹಾಕಿ ಇಳಿಸಿ. ಮುಂಚಕ್ರ ತೆಗೆದು ಫೋರ್ಕಿನ ನಡುವೆ ಪ್ಲಾಸ್ಟಿಕ್ ಅಡ್ಡಪಟ್ಟಿ ಕೊಡಿ. ಡಿಸ್ಕ್ ಬ್ರೇಕಾದರೆ ಪ್ಯಾಡುಗಳ ನಡುವೆ ದಪ್ಪ ರಟ್ಟು ತುರುಕಿ. ಡಿರೇಲರನ್ನು ಹ್ಯಾಂಗರಿನಿಂದ ಬಿಚ್ಚಿ ಬಟ್ಟೆ ಸುತ್ತಿ ಫ್ರೇಮಿನೊಳಗೆ ಕಟ್ಟಿ. ಸಣ್ಣ ಬೋಲ್ಟುಗಳೆಲ್ಲ ಒಂದೇ ಚೀಲದಲ್ಲಿ, ಆ ಚೀಲ ಫ್ರೇಮಿಗೆ ಕಟ್ಟಿದಂತೆ. ಪೆಟ್ಟಿಗೆ ಹರಿದು ಒಂದು ಬೋಲ್ಟು ಬಿದ್ದರೂ ಮೊದಲ ದಿನ ಹಾಳು. ವಿಮಾನ ಸಂಸ್ಥೆಗೆ ಪೆಟ್ಟಿಗೆಯ ಅಳತೆ, ತೂಕ ಮುಂಚೆಯೇ ತಿಳಿಸಿ ಶುಲ್ಕ ಕಟ್ಟಿ. ಕೌಂಟರಿನಲ್ಲಿ ಕಟ್ಟಿದರೆ ಹೆಚ್ಚು.

ಸಾಮಾನು ಹಿಂದಿನ ಕ್ಯಾರಿಯರಿನ ಎರಡು ಬದಿಚೀಲಗಳಲ್ಲಿ ಮುಗಿಯಬೇಕು, ನೀರು ಬಿಟ್ಟು 10 ಕೆ.ಜಿ. ಟೆಂಟು, ಒಲೆ ಬೇಡ. ಪ್ರತಿ ತಂಗುವ ಊರಲ್ಲೂ ಗೆಸ್ಟ್‌ಹೌಸ್ ಇದೆ.

ಹಂತ 5: ಸಿಯೆಮ್ ರೀಪ್, ಮೊದಲ ಪರೀಕ್ಷೆ

2023ರ ಅಕ್ಟೋಬರ್‌ನಲ್ಲಿ ಶುರುವಾದ ಹೊಸ ವಿಮಾನ ನಿಲ್ದಾಣ ಊರಿಂದ ಪೂರ್ವಕ್ಕೆ 45-50 ಕಿ.ಮೀ. ದೂರ. ಹಳೆಯ ಮಾರ್ಗದರ್ಶಿಗಳಲ್ಲಿ ‘ನಿಲ್ದಾಣದಿಂದಲೇ ಸೈಕಲ್ ಹತ್ತಿ’ ಎಂದಿರುವುದು ಹಳೆಯ ನಿಲ್ದಾಣಕ್ಕೆ ಸಲ್ಲುವ ಮಾತು. ಪೆಟ್ಟಿಗೆ ಹಿಡಿಸುವ ವ್ಯಾನ್ ಬೇಕೆಂದು ಹೋಟೆಲಿಗೆ ಮೊದಲೇ ಹೇಳಿ.

ಎರಡು ದಿನ ಇಲ್ಲಿರಿ. ಆಂಗ್ಕೋರ್ ಟಿಕೆಟ್ ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62, ಏಳು ದಿನಕ್ಕೆ 72. ಟಿಕೆಟ್ ಕಚೇರಿ ದೇಗುಲದ ಬಾಗಿಲಲ್ಲಿಲ್ಲ, ಊರಿನ ಹೊರಗೆ ಬೇರೆ ಕಡೆ ಇದೆ. ಅದು ತಿಳಿಯದೆ ಬೆಳಗಿನ ಕತ್ತಲಲ್ಲಿ ಬಾಗಿಲವರೆಗೆ ಹೋಗಿ ತಿರುಗುವವರು ದಿನಾ ಸಿಗುತ್ತಾರೆ. ದೇಗುಲಗಳ ಸಣ್ಣ ಸುತ್ತು 17 ಕಿ.ಮೀ., ದೊಡ್ಡ ಸುತ್ತು 26. ದೊಡ್ಡ ಸುತ್ತನ್ನು ಚೀಲಗಳೊಂದಿಗೇ ಹೊಡೆಯಿರಿ. ಕ್ಯಾರಿಯರ್ ಅಲುಗಾಡುವುದು, ಹಿಮ್ಮಡಿ ಚೀಲಕ್ಕೆ ತಾಗುವುದು, ಗೇರ್ ಜಾರುವುದು ಎಲ್ಲ ಇಲ್ಲೇ ಗೊತ್ತಾಗಲಿ. ರಿಪೇರಿ ಅಂಗಡಿ ಇರುವ ಊರು ಇದು. ಮುಂದಿನದ್ದು 300 ಕಿ.ಮೀ. ಆಚೆ.

ಹಂತ 6: ಫ್ನೊಮ್ ಪೆನ್‌ವರೆಗೆ, ನಾಲ್ಕು ದಿನ

ದಿನಚರಿ ಒಂದೇ. ಬೆಳಿಗ್ಗೆ 5.30ಕ್ಕೆ ದೀಪ ಹಾಕಿಕೊಂಡು ಹೊರಡಿ, 11ರೊಳಗೆ ಮುಕ್ಕಾಲು ದಾರಿ ಮುಗಿಸಿ, 3ರವರೆಗೆ ನೆರಳಲ್ಲಿರಿ. ಡಿಸೆಂಬರ್‌ನಲ್ಲಿ ಸಂಜೆ ಆರರೊಳಗೆ ಕತ್ತಲು. ಕತ್ತಲಾದ ಮೇಲೆ ದೀಪವಿಲ್ಲದ ಟ್ರ್ಯಾಕ್ಟರು, ಎಮ್ಮೆ, ಕುಡಿದ ಚಾಲಕರು ಎಲ್ಲ ರಸ್ತೆಯಲ್ಲೇ. ರಾತ್ರಿ ಸವಾರಿ ಬೇಡವೇ ಬೇಡ.

ಮೊದಲ ದಿನ ಕೊಂಪೊಂಗ್ ಕ್ಡೆಯ್, 60 ಕಿ.ಮೀ. ಚಿಲ್ಲರೆ. ಆಂಗ್ಕೋರ್ ಕಾಲದ ಜಂಬಿಟ್ಟಿಗೆ ಸೇತುವೆ ಇನ್ನೂ ಬಳಕೆಯಲ್ಲಿದೆ. ಭಾರಿ ವಾಹನಗಳಿಗೆ ಬೇರೆ ದಾರಿ ಮಾಡಿರುವುದರಿಂದ ಸೈಕಲ್ಲಿನಲ್ಲಿ ನಿಶ್ಚಿಂತೆಯಿಂದ ದಾಟಬಹುದು. ಎರಡನೆಯ ದಿನ ಕೊಂಪೊಂಗ್ ಥೊಮ್, 90 ಕಿ.ಮೀ. ಒಳಗೆ. ಇಲ್ಲೊಂದು ವಿರಾಮ ಹಾಕಿದರೆ 30 ಕಿ.ಮೀ. ಉತ್ತರದ ಸಂಬೋರ್ ಪ್ರೆಯ್ ಕುಕ್ ನೋಡಬಹುದು. ಆಂಗ್ಕೋರಿಗೂ ಹಿಂದಿನ ದೇಗುಲಗಳಿವು, 2017ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. ಕಾಡಿನ ನಡುವಿನ ಕಾಲುದಾರಿ ಬಿಟ್ಟು ಪೊದೆಗೆ ಇಳಿಯಬೇಡಿ. ಯುದ್ಧಕಾಲದ ನೆಲಬಾಂಬು, ಸಿಡಿಯದ ಗುಂಡುಗಳನ್ನು ದೇಶದಲ್ಲಿ ಇನ್ನೂ ತೆಗೆಯುತ್ತಲೇ ಇದ್ದಾರೆ. ಮೂರನೆಯ ದಿನ ಸ್ಕುನ್, 90 ಕಿ.ಮೀ. ಚಿಲ್ಲರೆ. ಕರಿದ ಜೇಡಗಳ ಬುಟ್ಟಿ ಹೊತ್ತವರು ಬಸ್ಸಿಗೆ ಮುತ್ತುವ ಊರು.

ನಾಲ್ಕನೆಯ ದಿನ 80 ಕಿ.ಮೀ. ಆಸುಪಾಸು, ಇಡೀ ಪ್ರವಾಸದಲ್ಲಿ ನಕ್ಷೆ ನೋಡಿ ಹೋಗಬೇಕಾದ ದಿನ. 6ನೇ ರಾಷ್ಟ್ರೀಯ ಹೆದ್ದಾರಿಯಲ್ಲೇ ಮುಂದುವರಿದರೆ ಕೊನೆಯ 30 ಕಿ.ಮೀ. ಕಂಟೇನರ್ ಲಾರಿಗಳ ಮಧ್ಯೆ ಹೊಗೆ ಕುಡಿಯಬೇಕು. ಅದರ ಬದಲು ಪ್ರೆಕ್ ತಾಮೆಯಾಕ್ ಸೇತುವೆಯಲ್ಲಿ ಎಡಕ್ಕೆ ತಿರುಗಿ ಮೆಕಾಂಗ್ ದಾಟಿ. ಆಚೆ ದಡದಲ್ಲಿ ಬಲಕ್ಕೆ ಹೊರಳಿ ನದಿಯ ಗುಂಟ ಊರ ರಸ್ತೆ ಹಿಡಿಯಿರಿ. ಬಾಳೆ, ಮಾವಿನ ತೋಟ, ಮಗ್ಗದ ಮನೆಗಳ ನಡುವೆ ದಕ್ಷಿಣಕ್ಕೆ ಸಾಗಿದರೆ ಅರೆಯ್ ಕ್ಸಾತ್ ಎಂಬ ಫೆರಿ ಕಟ್ಟೆ ಬರುತ್ತದೆ. ಅಲ್ಲಿಂದ ದೋಣಿ ನಿಮ್ಮನ್ನು ರಾಜಧಾನಿಯ ನದಿದಂಡೆಗೇ ಇಳಿಸುತ್ತದೆ, ಟ್ರಾಫಿಕ್ ಪೂರ್ತಿ ತಪ್ಪುತ್ತದೆ. ಫೆರಿಯ ಕಬ್ಬಿಣದ ಇಳಿಜಾರು ಹಲಗೆ ಒದ್ದೆಯಿದ್ದಾಗ ಸೋಪಿನಂತೆ ಜಾರುತ್ತದೆ. ಇಳಿದು ತಳ್ಳಿ, ಮೋಟಾರ್ ಬೈಕ್‌ಗಳೆಲ್ಲ ಹೋಗಲಿ.

ಹಂತ 7: ಗಡಿ

ಫ್ನೊಮ್ ಪೆನ್‌ನಲ್ಲಿ ಒಂದು ದಿನ ನಿಂತು ಸೈಕಲ್ ಸರ್ವಿಸ್ ಮಾಡಿಸಿ. ಭಾನುವಾರ ಬೆಳಿಗ್ಗೆ 5ಕ್ಕೆ ಹೊರಟರೆ ಊರ ಹೊರಗಿನ ಗಲಾಟೆ ಶುರುವಾಗುವ ಮೊದಲೇ 2ನೇ ಹೆದ್ದಾರಿ ಸಿಗುತ್ತದೆ. ತಾಕಿಯೊ ಊರಿಗೆ 80 ಕಿ.ಮೀ. ಒಳಗೆ. ದಾರಿಯಲ್ಲಿ ಫ್ನೊಮ್ ಚಿಸೊರ್ ಗುಡ್ಡ ಮತ್ತು 11ನೇ ಶತಮಾನದ ದೇಗುಲ ಇದೆ. ಬಿಸಿಲೇರುವ ಮೊದಲು ಮೆಟ್ಟಿಲು ಹತ್ತಿ.

ತಾಕಿಯೊದಿಂದ ಫ್ನೊಮ್ ಡೆನ್ ಠಾಣೆಗೆ 50 ಕಿ.ಮೀ. ಒಳಗೆ. ಇದೇ ಗಡಿಯ ವಿಯೆಟ್ನಾಮ್ ಬದಿಯ ಹೆಸರು ತಿನ್ ಬಿಯೆನ್. ಗಡಿಯಲ್ಲಿ ಹೀಗೆ ಮಾಡಿ: ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಹೋಗಿ. ಕಾಂಬೋಡಿಯಾ ಕಿಟಕಿಯಲ್ಲಿ ನಿರ್ಗಮನ ಮುದ್ರೆ ಬಿದ್ದದ್ದನ್ನು ಅಲ್ಲೇ ನಿಂತು ನೋಡಿ. ಅದು ಇಲ್ಲದೆ ಆಚೆ ಹೋದರೆ ವಾಪಸ್ ಬರಬೇಕು. ವಿಯೆಟ್ನಾಮ್ ಕಟ್ಟಡದಲ್ಲಿ ಪಾಸ್‌ಪೋರ್ಟ್ ಜೊತೆ ಮುದ್ರಿತ ಇ-ವೀಸಾ ಕೊಡಿ. ಚೀಲಗಳನ್ನು ಸ್ಕ್ಯಾನರಿಗೆ ಹಾಕಲು ಹೇಳಬಹುದು, ಬಿಚ್ಚುವುದು ಸುಲಭವಾಗಿರಲಿ. ಪ್ರವೇಶ ಮುದ್ರೆಯ ದಿನಾಂಕವನ್ನು ಮತ್ತೊಮ್ಮೆ ಓದಿ. ‘ಶುಲ್ಕ’ ಎಂದು ಯಾರಾದರೂ ಡಾಲರ್ ಕೇಳಿದರೆ ನಗುತ್ತ ರಸೀದಿ ಕೇಳಿ, ಅವಸರ ತೋರಿಸಬೇಡಿ. ಮಧ್ಯಾಹ್ನದ ಊಟದ ಹೊತ್ತು ಬಿಟ್ಟು ಬೆಳಿಗ್ಗೆ 9-10ಕ್ಕೆ ತಲುಪಿದರೆ ಅಧಿಕಾರಿಗಳಿಗೂ ನಿಮಗೂ ತಾಳ್ಮೆ ಇರುತ್ತದೆ.

ಅಲ್ಲಿಂದ ಚೌ ಡೊಕ್‌ಗೆ 25 ಕಿ.ಮೀ. ಎಡಬಲ ಗದ್ದೆ, ತಾಳೆಮರ, ಊರು ಸಮೀಪಿಸಿದಾಗ ಒಂಟಿ ಸಾಮ್ ಬೆಟ್ಟ. ಗಡಿಯ ಈ ಬದಿಯ ಹಳ್ಳಿಗಳಲ್ಲೂ ಕಾಂಬೋಡಿಯಾದ ಮುಖ್ಯ ಜನಾಂಗವಾದ ಖ್ಮೇರ್ ಜನ ಬಹಳ ಇದ್ದಾರೆ. ಪಗೋಡಗಳ ಚೂಪು ಮಾಡು ನೋಡಿ ದೇಶ ಬದಲಾದದ್ದೇ ಅನುಮಾನ ಆಗುತ್ತದೆ.

ಹಣದ ಮಾತು ಇಲ್ಲೇ ಮುಗಿಸುತ್ತೇವೆ. ಕಾಂಬೋಡಿಯಾದಲ್ಲಿ ಡಾಲರ್ ಮತ್ತು ರಿಯೆಲ್ ಎರಡೂ ನಡೆಯುತ್ತವೆ, ಡಾಲರಿಗೆ ಸುಮಾರು 4,000 ರಿಯೆಲ್. ತುಸು ಹರಿದ ಡಾಲರ್ ನೋಟನ್ನೂ ಮುಟ್ಟುವುದಿಲ್ಲ, ಆದರೆ ನಿಮಗೆ ಚಿಲ್ಲರೆ ಕೊಡುವಾಗ ಅಂಥದ್ದೇ ದಾಟಿಸುತ್ತಾರೆ, ನೋಡಿ ತೆಗೆದುಕೊಳ್ಳಿ. ವಿಯೆಟ್ನಾಮಿನಲ್ಲಿ ಡಾಂಗ್ ಮಾತ್ರ. 20,000 ಮತ್ತು 5,00,000 ಡಾಂಗ್ ನೋಟು ಎರಡೂ ನೀಲಿ. ಎಳನೀರಿನವನಿಗೆ ಸಂಜೆ ಮಬ್ಬಿನಲ್ಲಿ ದೊಡ್ಡದನ್ನು ಕೊಟ್ಟರೆ 25 ಪಟ್ಟು ಕೊಟ್ಟಂತೆ. ದೊಡ್ಡ ನೋಟುಗಳಿಗೆ ಪ್ರತ್ಯೇಕ ಜೇಬು ಮಾಡಿ.

ಹಂತ 8: ಮೆಕಾಂಗ್ ಮುಖಜಭೂಮಿ

ಇಲ್ಲಿಂದ ಹೆದ್ದಾರಿ ಮರೆತುಬಿಡಿ. ಓಸ್ಮ್‌ಆ್ಯಂಡ್ ಅಥವಾ ಆರ್ಗಾನಿಕ್ ಮ್ಯಾಪ್ಸ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ನಕ್ಷೆ ಇಳಿಸಿಕೊಂಡು ‘ಸೈಕಲ್’ ಆಯ್ಕೆ ಒತ್ತಿದರೆ ಕಾಲುವೆಗುಂಟದ ಕಾಂಕ್ರೀಟ್ ಹಾದಿಗಳು, ಫೆರಿಗಳು ಎಲ್ಲ ತೋರಿಸುತ್ತದೆ. ಹಾದಿ ಒಂದೂವರೆ-ಎರಡು ಮೀಟರ್ ಅಗಲ, ಒಂದು ಕಡೆ ಮನೆಗಳ ಅಂಗಳ, ಇನ್ನೊಂದು ಕಡೆ ನೇರ ನೀರು, ತಡೆಗೋಡೆ ಇಲ್ಲ. ಕಾಲುವೆ ದಾಟಿಸುವ ಗೂನು ಸೇತುವೆಗಳ ನೆತ್ತಿಯಲ್ಲಿ ಎದುರಿನ ಮೋಟಾರ್ ಬೈಕ್ ಕಾಣುವುದಿಲ್ಲ. ಗಂಟೆ ಹೊಡೆಯುತ್ತಾ ಹತ್ತಿ. ವೇಗ ಗಂಟೆಗೆ 12-13 ಕಿ.ಮೀ.ಗೆ ಇಳಿಯುತ್ತದೆ, ಅದಕ್ಕೇ ದಿನದ ದೂರವನ್ನು 60ರೊಳಗೆ ಇಟ್ಟಿದ್ದೇವೆ.

ಚೌ ಡೊಕ್‌ನಿಂದ ಲಾಂಗ್ ಸೂಯೆನ್ 55 ಕಿ.ಮೀ. ಮರುದಿನ ಆನ್ ಹ್ವಾ ಫೆರಿಯಲ್ಲಿ ಹಾವ್ ನದಿ ದಾಟಿ, ಚೊ ಮೊಯ್ ದ್ವೀಪದ ಒಳದಾರಿಗಳಲ್ಲಿ ಸಾ ಡೆಕ್ ಸೇರಿ, 50 ಕಿ.ಮೀ. ಆಸುಪಾಸು. ಸಾ ಡೆಕ್‌ನಿಂದ ವಿನ್ ಲಾಂಗ್ ಬರಿ 25. ಬೆಳಿಗ್ಗೆ ಹೂತೋಟ ನೋಡಿ ಹೊರಟರೂ ಊಟಕ್ಕೆ ತಲುಪುತ್ತೀರಿ. ವಿನ್ ಲಾಂಗ್‌ನಿಂದ ದಿನ್ ಖಾವ್ ಫೆರಿ ದಾಟಿ, ಚೊ ಲಾಚ್‌ನ ಸಸಿ ನರ್ಸರಿಗಳ ನಡುವೆ ಹಾದು ಬೆನ್ ಚೆ, 60 ಕಿ.ಮೀ. ತೆಂಗಿನ ನಾಡು ಅದು, ಇಡೀ ದಾರಿಯಲ್ಲಿ ಅತಿ ಹೆಚ್ಚು ನೆರಳು ಇರುವ ದಿನ. ಒಂದು ದಿನ ಹೆಚ್ಚಿದ್ದರೆ ಅದನ್ನು ಬೆನ್ ಚೆಗೆ ಕೊಡಿ, ಸೈಗಾನಿಗಲ್ಲ.

2025ರ ಜುಲೈನಲ್ಲಿ ವಿಯೆಟ್ನಾಮ್ ತನ್ನ ಪ್ರಾಂತ್ಯಗಳನ್ನು ವಿಲೀನ ಮಾಡಿ 34ಕ್ಕೆ ಇಳಿಸಿತು. ಬೆನ್ ಚೆ ಪ್ರಾಂತ್ಯ ಈಗ ವಿನ್ ಲಾಂಗ್‌ಗೆ ಸೇರಿದೆ. ಹೋಟೆಲ್ ವಿಳಾಸದಲ್ಲಿ ಹಳೆಯ ಹೆಸರು, ನಕ್ಷೆಯಲ್ಲಿ ಹೊಸದು ಕಂಡರೆ ಗಾಬರಿ ಬೇಡ, ಊರು ಅಲ್ಲೇ ಇದೆ.

ತಂಗಲು ‘ನ್ಯಾ ಙಿ’ ಎಂಬ ಫಲಕದ ಅಗ್ಗದ ವಸತಿಗಳನ್ನು ನೋಡಿ, 2ರಿಂದ 3.5 ಲಕ್ಷ ಡಾಂಗ್. ನೋಂದಣಿಗೆ ಪಾಸ್‌ಪೋರ್ಟ್ ಕೇಳುತ್ತಾರೆ, ಬೆಳಿಗ್ಗೆ ಮರೆಯದೆ ತೆಗೆದುಕೊಳ್ಳಿ. ಇನ್ನೊಂದು ವಿಷಯ: ಕುಡಿದು ವಾಹನ ಓಡಿಸಬಾರದೆಂಬ ವಿಯೆಟ್ನಾಮಿನ ಕಾನೂನು ಸೈಕಲ್ ಸವಾರರಿಗೂ ಅನ್ವಯ. ಮಿತಿ ಸೊನ್ನೆ. ಮಧ್ಯಾಹ್ನದ ಒಂದು ಬಿಯರಿಗೂ ದಂಡ ಬೀಳುತ್ತದೆ.

ಊಟ, ನೀರು, ನಾಯಿ

ಸಸ್ಯಾಹಾರಿಗಳಿಗೆ ವಿಯೆಟ್ನಾಮ್ ಸುಲಭ, ಕಾಂಬೋಡಿಯಾ ಕಷ್ಟ. ವಿಯೆಟ್ನಾಮಿನಲ್ಲಿ ಸಿ-ಎಚ್-ಎ-ವೈ ಎಂಬ ನಾಲ್ಕು ಅಕ್ಷರದ ಫಲಕ ಹುಡುಕಿ. ಬೌದ್ಧ ಸಸ್ಯಾಹಾರಿ ಹೋಟೆಲ್ ಅದು, ಮೀನಿನ ಸಾರ ಕೂಡ ಹಾಕುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಇಂಥ ಅಡುಗೆ ಮಾಮೂಲಿ ಅಂಗಡಿಗಳಲ್ಲೂ ಸಿಗುತ್ತದೆ. ಕಾಂಬೋಡಿಯಾದ ಹೆದ್ದಾರಿ ಹೋಟೆಲಿನಲ್ಲಿ ‘ಓತ್ ಸಾಚ್, ಓತ್ ತ್ರೆಯ್’, ಅಂದರೆ ಮಾಂಸ ಬೇಡ, ಮೀನು ಬೇಡ, ಎಂದರೂ ಮೀನಿನ ಸಾಸ್, ಪ್ರಹೊಕ್ ಎಂಬ ಹುದುಗಿಸಿದ ಮೀನಿನ ಪೇಸ್ಟು ಒಳಗಿರಬಹುದು. ಅವೆರಡರ ಹೆಸರನ್ನೂ ಖ್ಮೇರ್ ಲಿಪಿಯಲ್ಲಿ ಮೊಬೈಲಿನಲ್ಲಿ ಬರೆದಿಟ್ಟು ತೋರಿಸಿ. ಕಟ್ಟುನಿಟ್ಟಿನವರು ಬಿಳಿ ಅನ್ನ, ಬಾಳೆಹಣ್ಣು, ಜೊತೆಗೆ ಒಯ್ದ ಚಟ್ನಿಪುಡಿ ಎಂದು ಮೊದಲೇ ತೀರ್ಮಾನಿಸಿ. 6ನೇ ಹೆದ್ದಾರಿಯ ಬದಿ ‘ಕ್ರಲಾನ್’ ಮಾರುತ್ತಾರೆ: ಬಿದಿರಿನ ಅಂಡೆಯೊಳಗೆ ಅಂಟಕ್ಕಿ, ಕಾಳು, ತೆಂಗಿನಹಾಲು ಹಾಕಿ ಸುಟ್ಟದ್ದು. ಬಿದಿರನ್ನು ಸಿಪ್ಪೆಯಂತೆ ಸೀಳಿ ತಿನ್ನುವುದು. ಮೀನಿಲ್ಲ, ಕೆಡುವುದೂ ಬೇಗ ಅಲ್ಲ. ಎರಡು ಅಂಡೆ ಚೀಲದಲ್ಲಿದ್ದರೆ 30 ಕಿ.ಮೀ.ಗೆ ಚಿಂತೆಯಿಲ್ಲ.

ದಿನಕ್ಕೆ 5-6 ಲೀಟರ್ ನೀರು. ಬರೀ ನೀರು ಕುಡಿದರೆ ಬೆವರಿನಲ್ಲಿ ಹೋದ ಉಪ್ಪು ತುಂಬದೆ ತಲೆನೋವು, ವಾಕರಿಕೆ ಶುರುವಾಗುತ್ತದೆ. ದಿನಕ್ಕೆ ಎರಡು ಒಆರ್‌ಎಸ್ ಪೊಟ್ಟಣ ಲೆಕ್ಕ ಹಾಕಿ, ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿಗೆ ಬೆರೆಸಿ. ಬಿಸಿಲಲ್ಲಿದ್ದೂ ಬೆವರು ನಿಂತರೆ, ಮಾತು ತೊದಲಿದರೆ ಸವಾರಿ ಅಲ್ಲಿಗೇ ನಿಲ್ಲಿಸಿ. ನೆರಳಿಗೆ ಹೋಗಿ ಮೈಮೇಲೆ ನೀರು ಸುರಿದು, ಆಸ್ಪತ್ರೆಗೆ ವಾಹನ ಕರೆಸಬೇಕಾದ ಸ್ಥಿತಿ ಅದು.

ನಾಯಿ ಬೆನ್ನಟ್ಟಿದರೆ ವೇಗ ಹೆಚ್ಚಿಸಬೇಡಿ. ಇಳಿದು ಸೈಕಲ್ಲನ್ನು ಅದಕ್ಕೂ ನಿಮಗೂ ನಡುವೆ ಇಟ್ಟು ನಡೆಯಿರಿ, ಬಹುಪಾಲು ನಾಯಿಗಳಿಗೆ ಆಟ ಮುಗಿಯುತ್ತದೆ. ಹೊರಡುವ ಮೊದಲು ರೇಬಿಸ್ ಮುನ್ನೆಚ್ಚರಿಕೆಯ ಲಸಿಕೆ ಬಗ್ಗೆ ವೈದ್ಯರನ್ನು ಕೇಳಿ. ಕಚ್ಚಿದರೆ ಹರಿವ ನೀರು, ಸೋಪಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಮೊದಲೇ ಲಸಿಕೆ ಹಾಕಿಸಿದವರಿಗೂ ಇದು ತಪ್ಪದು.

ಹಂತ 9: ಸೈಗಾನ್ ಪ್ರವೇಶ

ಬೆನ್ ಚೆಯಿಂದ ಮಿ ಥೊ 15 ಕಿ.ಮೀ., ಅಲ್ಲಿಂದ ನಗರಕ್ಕೆ 1ನೇ ಹೆದ್ದಾರಿಯಲ್ಲಿ 70. ಆ 70 ಕಿ.ಮೀ. ಹೊಡೆಯಲೇಬೇಡಿ. ಪಕ್ಕದ ಎಕ್ಸ್‌ಪ್ರೆಸ್‌ವೇಗೆ ಸೈಕಲ್ ಬಿಡುವುದಿಲ್ಲ, ಹಾಗಾಗಿ ಹಳೆ ಹೆದ್ದಾರಿಯಲ್ಲಿ ಲಾರಿ, ಬಸ್ಸು, ಬೈಕು ಎಲ್ಲದರ ಜೊತೆ ನೀವೂ. ಎರಡು ದಾರಿಗಳಿವೆ. ಒಂದು, ಮಿ ಥೊದಿಂದ ಬಸ್ಸು. ಸೈಕಲ್ಲನ್ನು ಹೊಟ್ಟೆಯೊಳಗೆ ಮಲಗಿಸುವಾಗ ಡಿರೇಲರ್ ಬದಿ ಮೇಲಿರಲಿ. ಇನ್ನೊಂದು, ಗೊ ಕಾಂಗ್ ಮೂಲಕ 50ನೇ ರಸ್ತೆ, ಒಟ್ಟು 95 ಕಿ.ಮೀ. ಆಸುಪಾಸು. ದೂರ ಹೆಚ್ಚು, ಲಾರಿ ಕಡಿಮೆ, ಆದರೆ ನಗರದಂಚಿನ ಕೊನೆಯ ಭಾಗ ಕಿರಿದು. ಅದಕ್ಕೆ ಕಾನ್ ಜ್ವೊಕ್‌ನಲ್ಲಿ ರಾತ್ರಿ ತಂಗಿ, ಬೆಳಕು ಹರಿಯುವ ಹೊತ್ತಿಗೆ ನಗರ ಪ್ರವೇಶಿಸಿ.

ನಗರದೊಳಗೆ ಬಲ ಅಂಚು ಹಿಡಿದು, ಒಂದೇ ವೇಗದಲ್ಲಿ ಸಾಗಿ. ಮೋಟಾರ್ ಬೈಕ್‌ಗಳ ಹೊಳೆ ನಿಮ್ಮ ಮುಂದಿನ ಎರಡು ಸೆಕೆಂಡನ್ನು ಊಹಿಸಿ ಪಕ್ಕಕ್ಕೆ ಸರಿಯುತ್ತದೆ. ತಟ್ಟನೆ ನಿಲ್ಲುವುದು, ತಟ್ಟನೆ ತಿರುಗುವುದು ಆ ಊಹೆಯನ್ನು ಕೆಡಿಸುತ್ತದೆ. ಎಡಕ್ಕೆ ತಿರುಗಬೇಕಾದ ದೊಡ್ಡ ಕೂಡುರಸ್ತೆಗಳಲ್ಲಿ ಇಳಿದು ಪಾದಚಾರಿಯಾಗಿ ದಾಟಿದರೆ ಯಾರೂ ನಿಮ್ಮನ್ನು ಕೀಳಾಗಿ ನೋಡುವುದಿಲ್ಲ.

ಪೆಟ್ಟಿಗೆಗಾಗಿ ಕೊನೆಯ ದಿನ ಅಲೆಯಬೇಡಿ. ಫ್ನೊಮ್ ಪೆನ್‌ನಲ್ಲಿರುವಾಗಲೇ ಸೈಗಾನ್‌ನ ಯಾವುದಾದರೂ ಸೈಕಲ್ ಅಂಗಡಿಗೆ ಸಂದೇಶ ಕಳಿಸಿ ಒಂದು ಕಾಯ್ದಿರಿಸಿ. ಕಟ್ಟುವ ಮೊದಲು ಟೈರಿನ ಮಣ್ಣು ತೊಳೆಯಿರಿ. ಪವರ್ ಬ್ಯಾಂಕ್ ಕೈಚೀಲಕ್ಕೆ, ಚಾಕು ಮತ್ತು ಸಲಕರಣೆ ಪೆಟ್ಟಿಗೆಗೆ, ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಪಾಸ್‌ಪೋರ್ಟಿನ ಜೊತೆಗೆ.